ರಂಗನಾಥನ್ ಅವರ ಮೆಕ್ಯಾನೋ, ನಮ್ಮ ಲೇಬಲ್ಲು

ಈ ಸೆಮಿಸ್ಟರ್ ನಮ್ಮ ಮಿನಿ ಪ್ರಾಜೆಕ್ಟಿನ ಗಿಟ್‌ಹಬ್‌ನಲ್ಲಿ ‘ಲಾಗಿನ್ ಬಗ್ ಅರ್ಜೆಂಟ್’, ‘ಲಾಗಿನ್ ಬಗ್ ಆಮೇಲೆ’, ‘ಪೇಮೆಂಟ್ ಬಗ್ ಅರ್ಜೆಂಟ್’ ಅಂತ ಲೇಬಲ್ ಮೇಲೆ ಲೇಬಲ್ ಮಾಡಿ, ಕೊನೆಗೆ ಯಾವುದನ್ನ ಮೊದಲು ಸರಿಮಾಡಬೇಕು ಅಂತ ನಮಗೇ ಗೊತ್ತಾಗಲಿಲ್ಲ. ಹೆಚ್ಚುಕಡಿಮೆ ಇದೇ ತಲೆನೋವನ್ನ ನೂರು ವರ್ಷದ ಹಿಂದೆ ಪುಸ್ತಕಗಳ ಜೊತೆ ಪಟ್ಟವರು ಎಸ್. ಆರ್. ರಂಗನಾಥನ್.

1892ರಲ್ಲಿ ತಮಿಳುನಾಡಿನ ಶೀರ್ಕಾಳಿಯಲ್ಲಿ ಹುಟ್ಟಿದ ಅವರು ಓದಿದ್ದೂ ಗಣಿತ, ಪಾಠ ಮಾಡಿದ್ದೂ ಗಣಿತ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಕ್ಕೆ ಬೋರ್ ಹೊಡೆದು, ವಾಪಸ್ ಪಾಠ ಮಾಡೋಕೆ ಹೋಗ್ತೀನಿ ಅಂತ ಕೂತರಂತೆ. ಮೊದಲು ಲಂಡನ್‌ಗೆ ಹೋಗಿ ತರಬೇತಿ ಮುಗಿಸಿ ಬರಲಿ ಅಂತ ಅವರನ್ನ ಒಪ್ಪಿಸಿ ಕಳಿಸಿದರು.

ಅಲ್ಲಿ ಅವರನ್ನ ಕಾಡಿದ್ದು ವರ್ಗೀಕರಣ. ಆಗ ಚಾಲ್ತಿಯಲ್ಲಿದ್ದ ಡ್ಯೂಯಿ ಪದ್ಧತಿಯಲ್ಲಿ ಹೆಚ್ಚಿನ ವಿಷಯಗಳಿಗೆ ಮೊದಲೇ ಸಂಖ್ಯೆ ಕೊಟ್ಟಿಟ್ಟಿರುತ್ತಾರೆ. ಪಟ್ಟಿಯಲ್ಲಿಲ್ಲದ ವಿಷಯ ಬಂದರೆ ಪರದಾಟ. ಒಂದು ದಿನ ಸೆಲ್ಫ್ರಿಜಸ್ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ಕಣ್ಣಿಗೆ ಬಿತ್ತು. ಅವೇ ಪಟ್ಟಿಗಳು, ಅವೇ ನಟ್ಟು ಬೋಲ್ಟು. ಬೇರೆ ಥರ ಜೋಡಿಸಿದರೆ ಬೇರೆ ಆಟಿಕೆ. ವಿಷಯಗಳನ್ನೂ ಹೀಗೇ ಬಿಡಿಭಾಗ ಮಾಡಿಟ್ಟು ಬೇಕಾದಾಗ ಯಾಕೆ ಜೋಡಿಸಬಾರದು? ಬೋಲ್ಟಿನ ಜಾಗಕ್ಕೆ ಅವರು ತಂದಿದ್ದು ಕೋಲನ್ ಚಿಹ್ನೆ. 1933ರಲ್ಲಿ ಕೋಲನ್ ವರ್ಗೀಕರಣ ಪುಸ್ತಕವಾಗಿ ಬಂತು.

ಕರ್ನಾಟಕದಲ್ಲಿ 1950ರ ಸುಮಾರಿಗೆ ಭತ್ತಕ್ಕೆ ಬಂದ ರೋಗದ ಬಗ್ಗೆ ಒಂದು ಪುಸ್ತಕ ಇದೆ ಅಂದ್ಕೊಳ್ಳಿ. ಅದಕ್ಕೇ ಅಂತ ಹೊಸ ಖಾನೆ ಬೇಡ. ಬೆಳೆ, ರೋಗ, ಜಾಗ, ಕಾಲ, ಪ್ರತಿಯೊಂದಕ್ಕೂ ಒಂದೊಂದು ಗುರುತು, ಜೋಡಿಸಿದರೆ ಆಯ್ತು.

ನಾವೂ ಹಾಗೇ ಒಡೆದೆವು. ಆ್ಯಪಿನ 6 ಭಾಗ, 3 ಥರದ ಸಮಸ್ಯೆ, 3 ಆದ್ಯತೆ. ಒಟ್ಟಿಗೆ ಹೊಸೆದಿದ್ದರೆ 54 ಲೇಬಲ್ ಬೇಕಿತ್ತು, ಈಗ 12 ಸಾಕು. ಒಂದು ಇಶ್ಯೂಗೆ ಪ್ರತಿ ಗುಂಪಿನಿಂದ ಒಂದೇ ಲೇಬಲ್. ಆದ್ರೆ ಯಾವುದು ಅರ್ಜೆಂಟ್ ಅನ್ನೋದಕ್ಕೆ ರಂಗನಾಥನ್ ಹತ್ರಾನೂ ಉತ್ತರ ಇಲ್ಲ, ಕಪಾಟಿನಲ್ಲಿರೋ ಪುಸ್ತಕಕ್ಕೆ ಡೆಡ್‌ಲೈನ್ ಇರಲ್ಲವಲ್ಲ! ಅದಕ್ಕೆ ನಾವು ಕ್ಯಾಂಟೀನಲ್ಲಿ ಕೂತು ಜಗಳಾನೇ ಆಡಬೇಕಾಯ್ತು.

ಮುಂದೆ ಬನಾರಸ್, ದೆಹಲಿ ವಿಶ್ವವಿದ್ಯಾಲಯಗಳಲ್ಲಿ ದುಡಿದು, 1962ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಡಿ ಡಾಕ್ಯುಮೆಂಟೇಶನ್ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುಮಾಡಿದರು. 1972ರಲ್ಲಿ ತೀರಿಕೊಂಡಿದ್ದೂ ಇದೇ ಊರಲ್ಲಿ. ಆ ಕೇಂದ್ರ ಈಗ ಮೈಸೂರು ರಸ್ತೆಯಲ್ಲಿದೆ. ಅದರ ಮುಂದೆ ಎಷ್ಟೋ ಸಲ ಬಸ್ಸಲ್ಲಿ ಹೋಗಿದ್ದೀವಿ, ಒಂದು ಸಲಾನೂ ಇಳಿದು ನೋಡಿಲ್ಲ.