ಜೀವಕೋಶವನ್ನು ಬಿಡಿಸಿ ನೋಡಿದ ಆಲ್ಬೆರ್ ಕ್ಲೋಡ್

ಬೆಲ್ಜಿಯಮ್ ದೇಶದ ಆರ್ಡೆನ್ ಬೆಟ್ಟಸೀಮೆಯಲ್ಲಿ ಲಾಂಗ್‌ಲಿಯೆ ಎಂಬುದೊಂದು ಪುಟ್ಟ ಹಳ್ಳಿ. ಹತ್ತೊಂಬತ್ತನೆಯ ಶತಮಾನದ ಕಡೆಯ ವರ್ಷಗಳಲ್ಲಿ, ಅಲ್ಲಿ ರೊಟ್ಟಿ ಸುಟ್ಟು ಮಾರುತ್ತಿದ್ದ ಸಂಸಾರವೊಂದರಲ್ಲಿ ಆಲ್ಬೆರ್ ಕ್ಲೋಡ್ ಜನಿಸಿದರು. ಒಂದೇ ಕೊಠಡಿಯ, ಒಬ್ಬರೇ ಉಪಾಧ್ಯಾಯರಿದ್ದ ಶಾಲೆಯಲ್ಲಿ ಅಕ್ಷರಾಭ್ಯಾಸವಾಯಿತು. ಬೆಳಗಿನ ಜಾವದಲ್ಲೆದ್ದು ಇಗರ್ಜಿಯ ಗಂಟೆ ಬಾರಿಸುವುದೂ ಹುಡುಗನ ಪಾಲಿನ ಕೆಲಸವಾಗಿತ್ತು. ಅವರಿಗೆ ಏಳು ವರ್ಷವಾಗಿದ್ದಾಗ ತಾಯಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ಆ ಕಾಯಿಲೆಯ ಬೆನ್ನುಹತ್ತಿ ಹೋಗುವುದೇ ಮುಂದೆ ಅವರ ಬಾಳಿನ ದಾರಿಯಾಯಿತು.

ತಂದೆ ಉಕ್ಕಿನ ಕಾರ್ಖಾನೆಗಳಿದ್ದ ಆತುಸ್ ಎಂಬ ಊರಿಗೆ ವಲಸೆ ಹೋದರು. ಹುಡುಗನಾದರೋ ಎರಡು ವರ್ಷಗಳ ತರುವಾಯ, ಕಾಯಿಲೆಯಿಂದ ನಿಶ್ಶಕ್ತರಾಗಿದ್ದ ಬಂಧುವೊಬ್ಬರ ಶುಶ್ರೂಷೆಗಾಗಿ ಹಳ್ಳಿಗೆ ಮರಳಿದನು. ಓದು ಅಲ್ಲಿಗೆ ನಿಂತಿತು. ಮೊದಲನೆಯ ಮಹಾಯುದ್ಧ ತೊಡಗಿದಾಗ ಆತ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ತರುಣ. ಯುದ್ಧಕಾಲದಲ್ಲಿ ಬ್ರಿಟಿಷರ ಗುಪ್ತಚರ ವಿಭಾಗಕ್ಕೆ ಸ್ವಯಂಸೇವಕನಾಗಿ ದುಡಿದು ಪದಕ ಪಡೆದ. ಈ ಸೇವೆಯ ಬಲದಿಂದಲೇ, ಪ್ರೌಢಶಾಲೆಯ ಪ್ರಮಾಣಪತ್ರವಿಲ್ಲದೆಯೂ, 1922ರಲ್ಲಿ ಲಿಯೇಜ್ ವಿಶ್ವವಿದ್ಯಾನಿಲಯದ ವೈದ್ಯ ವಿಭಾಗಕ್ಕೆ ಪ್ರವೇಶ ದೊರೆಯಿತು. ಅಂಕಪಟ್ಟಿಯೇ ಯೋಗ್ಯತೆಯ ಅಳತೆಗೋಲೆಂದು ನಂಬಿದ ನಮ್ಮಂಥ ಅಧ್ಯಾಪಕರು ಇಲ್ಲಿ ಒಂದು ಗಳಿಗೆ ತಡೆದು ಯೋಚಿಸುವುದುಂಟು.

1928ರಲ್ಲಿ ವೈದ್ಯ ಪದವಿ, ಬಳಿಕ ಬರ್ಲಿನ್ನಿನಲ್ಲಿ ಸ್ವಲ್ಪಕಾಲ ಸಂಶೋಧನೆ, 1929ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ. ಅದೇ ಸಂಸ್ಥೆಯಲ್ಲಿ ಪೇಟನ್ ರೌಸ್ ಎಂಬವರು 1911ರಲ್ಲಿ, ಕೋಳಿಯ ಗಡ್ಡೆಯೊಂದನ್ನು ಅರೆದು ಸೋಸಿದ ರಸದಿಂದ ಇನ್ನೊಂದು ಕೋಳಿಗೆ ಅದೇ ಗಡ್ಡೆ ಹುಟ್ಟುವುದೆಂದು ತೋರಿಸಿದ್ದರು. ಆ ರಸದಲ್ಲಿ ಅಡಗಿದ್ದ ಕಾರಣವಸ್ತುವನ್ನು ಬೇರ್ಪಡಿಸುವುದು ಕ್ಲೋಡರ ಹಂಬಲ. ಅರೆದ ಅಂಗಾಂಶವನ್ನು ಅವರು ಅತಿವೇಗದಿಂದ ತಿರುಗುವ ಯಂತ್ರದಲ್ಲಿಟ್ಟರು. ಕದಡಿದ ಕೆರೆಯ ನೀರಿನಲ್ಲಿ ಮರಳು ಮೊದಲು ತಳ ಸೇರಿ ಮಣ್ಣು ನಿಧಾನವಾಗಿ ಇಳಿಯುವಂತೆ, ಇಲ್ಲಿಯೂ ಭಾರವಾದ ಭಾಗಗಳು ಮೊದಲು, ಹಗುರವಾದವು ಆಮೇಲೆ ಪದರಪದರವಾಗಿ ಇಳಿದವು. ರೋಗದ ಬೀಜವಿದ್ದ ಕಣಗಳು ಕೈಗೆ ಬಂದವು.

ಆತುರದವರಾಗಿದ್ದರೆ ಅಲ್ಲಿಗೇ ಹಬ್ಬ ಮಾಡುತ್ತಿದ್ದರು. ಕ್ಲೋಡರು ರೋಗವಿಲ್ಲದ ಕೋಳಿಭ್ರೂಣವನ್ನೂ ಹಾಗೆಯೇ ಅರೆದು ನೋಡಿದರು. ಅದರಿಂದಲೂ ಅಂಥವೇ ಕಣಗಳು ಹೊರಬಿದ್ದವು! ತಾವು ಶೇಖರಿಸಿದ್ದರಲ್ಲಿ ಬಹುಪಾಲು ಆರೋಗ್ಯದ ಕೋಶದ ಸ್ವಂತ ಸೊತ್ತೆಂದು ಅವರಿಗೆ ಅರಿವಾಯಿತು. ಕ್ಯಾನ್ಸರನ್ನು ಅರಸಿ ಹೊರಟವರು ಹೀಗೆ ಕೋಶದ ಅಂತರಂಗಕ್ಕೆ ತಿರುಗಿದರು. ಆ ಸೂಕ್ಷ್ಮ ಕಣಗಳಿಗೆ 1943ರಲ್ಲಿ ಮೈಕ್ರೊಸೋಮ್ ಎಂಬ ಹೆಸರಿಟ್ಟರು. ಅವುಗಳಿಗಿಂತ ಭಾರವಾದ ಮೈಟೊಕಾಂಡ್ರಿಯಗಳನ್ನೂ ಪ್ರತ್ಯೇಕಿಸಿ, ಉಸಿರಾಟದ ಕಿಣ್ವಗಳಿಗೆ ಇವೇ ನೆಲೆಯೆಂದು 1946ರಲ್ಲಿ ಹೋಗ್‌ಬೂಮ್ ಮತ್ತು ಹಾಚ್‌ಕಿಸ್ ಎಂಬ ಸಹೋದ್ಯೋಗಿಗಳೊಡನೆ ತೋರಿಸಿದರು. ನಡುವೆ, 1945ರಲ್ಲಿ, ಪೋರ್ಟರ್ ಮತ್ತು ಫುಲ್ಲಮ್ ಅವರೊಡನೆ ಇಡಿಯ ಪ್ರಾಣಿಕೋಶವೊಂದರ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರವನ್ನು ಪ್ರಕಟಿಸಿದ್ದೂ ಆಯಿತು. ಅರೆದ ಮೇಲೆ ಉಳಿಯುವುದೇನು ಎಂಬ ಶಂಕೆಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿರಲಿಲ್ಲ. ಮೈಟೊಕಾಂಡ್ರಿಯ ಗಾಜಿನ ನಳಿಕೆಯಲ್ಲಿಯೂ ತನ್ನ ಕಾರ್ಯವನ್ನು ನಡೆಸುತ್ತಿತ್ತು.

ಬಳಿಕ ಅವರು ಸ್ವದೇಶಕ್ಕೆ ಮರಳಿ, ಬ್ರಸೆಲ್ಸಿನ ಜೂಲ್ ಬೋರ್ಡೆ ಕ್ಯಾನ್ಸರ್ ಸಂಸ್ಥೆಯ ನಿರ್ದೇಶಕರಾಗಿ ಎರಡು ದಶಕಗಳಷ್ಟು ಕಾಲ ದುಡಿದರು. 1974ರ ನೊಬೆಲ್ ಪಾರಿತೋಷಕವನ್ನು ಪಲಾಡೆ ಮತ್ತು ದ ದೂವ್ ಅವರೊಡನೆ ಹಂಚಿಕೊಂಡರು. 1983ರ ಮೇ ತಿಂಗಳಿನಲ್ಲಿ ಬ್ರಸೆಲ್ಸಿನಲ್ಲಿ ಕಾಲವಾದರು.

ಅವರು ತೆರೆದ ದಾರಿಯಲ್ಲಿ ಅಷ್ಟರಲ್ಲಿ ಹೊಸದೊಂದು ಪ್ರಶ್ನೆ ಎದ್ದಿತ್ತು. ಮನುಷ್ಯನ ಮೈಟೊಕಾಂಡ್ರಿಯ ತನ್ನ ಸ್ವಂತ ಆನುವಂಶಿಕ ವಸ್ತುವಿನಿಂದ ರಚಿಸಿಕೊಳ್ಳುವ ಪ್ರೋಟೀನುಗಳು 13 ಮಾತ್ರ. ಉಳಿದ ಸಾವಿರಕ್ಕೂ ಮಿಕ್ಕಿದ ಪ್ರೋಟೀನುಗಳು ಹೊರಗೆ, ಕೋಶರಸದಲ್ಲಿ ಸಿದ್ಧವಾಗಿ ಒಳಗೆ ಬರಬೇಕು. ದಾರಿ ತೋರಿಸುವವರಾರು? ಪಲಾಡೆಯವರ ಪ್ರಯೋಗಶಾಲೆಯಲ್ಲಿ ಬೆಳೆದ ಗುಂಟರ್ ಬ್ಲೋಬೆಲ್, ಕೋಶದಿಂದ ಹೊರಹೋಗುವ ಪ್ರೋಟೀನುಗಳ ತಲೆಯಲ್ಲಿಯೇ ಸಂಕೇತವೊಂದಿದೆಯೆಂದು 1970ರ ದಶಕದಲ್ಲಿ ತೋರಿಸಿದ್ದರು. ಮೈಟೊಕಾಂಡ್ರಿಯಕ್ಕೂ ಅಂಥದೊಂದು ಸಂಕೇತವುಂಟೆಂಬುದಕ್ಕೆ ಕ್ಲೋಡರು ತೀರಿಕೊಂಡ ಮರುವರ್ಷ, 1984ರಲ್ಲಿ, ಗಾಟ್‌ಫ್ರೀಡ್ ಶಾಟ್ಸ್ ಅವರ ಬಳಗದಿಂದ ಸ್ಪಷ್ಟ ನಿದರ್ಶನ ದೊರೆಯಿತು. ಮೈಟೊಕಾಂಡ್ರಿಯಕ್ಕೆ ಸಂಬಂಧವೇ ಇಲ್ಲದ ಇಲಿಯ ಪ್ರೋಟೀನೊಂದಕ್ಕೆ ಆ ತಲೆತುಂಡನ್ನು ಜೋಡಿಸಿದಾಗ, ಕೋಶದಿಂದ ಬೇರ್ಪಡಿಸಿದ ಯೀಸ್ಟಿನ ಮೈಟೊಕಾಂಡ್ರಿಯದೊಳಕ್ಕೆ ಅದು ನುಸುಳಿತು.

ವಿಚಿತ್ರವೆಂದರೆ ಈ ತಲೆತುಂಡುಗಳ ಅಕ್ಷರಗಳು ಒಂದರಂತೆ ಒಂದಿಲ್ಲ. ಛಂದಸ್ಸನ್ನು ಪಾಠ ಹೇಳುವವನಿಗೆ ಇದು ಬೇಗನೆ ತಿಳಿಯುತ್ತದೆ: ಪದಗಳು ಬೇರೆಯಾದರೂ ಗಣವಿನ್ಯಾಸ ಒಂದೇ ಇರಬಹುದಷ್ಟೆ. ಅಮೈನೊ ಆಮ್ಲಗಳ ಈ ಸರಣಿ ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿಕೊಳ್ಳುವಾಗ, ಮೂರು-ನಾಲ್ಕು ಸ್ಥಾನಗಳಿಗೊಮ್ಮೆ ಬರುವ ಧನ ವಿದ್ಯುದಂಶದ ಆಮ್ಲಗಳು ಒಂದು ಪಕ್ಕಕ್ಕೂ, ನೀರನ್ನು ಒಲ್ಲದವು ಇನ್ನೊಂದು ಪಕ್ಕಕ್ಕೂ ಸಾಲುಗೊಳ್ಳುತ್ತವೆ. ಹೊರಪೊರೆಯ ಟಾಮ್-20 ಎಂಬ ಪ್ರೋಟೀನಿನ ತೋಡಿನಲ್ಲಿ ನೀರನ್ನೊಲ್ಲದ ಪಕ್ಕ ಹೊಂದಿ ಕೂರುವುದನ್ನು 2000ದಲ್ಲಿ ಜಪಾನಿನ ಸಂಶೋಧಕರು ರಚನಾಚಿತ್ರದಲ್ಲಿ ಕಂಡರು. ಒಳಪೊರೆಯ ಒಳಬದಿ ಋಣ ವಿದ್ಯುತ್ತಿನದಾದುದರಿಂದ ಧನಾಂಶದ ತಲೆತುಂಡು ಅತ್ತ ಸೆಳೆಯಲ್ಪಡುತ್ತದೆ. ಹಿಂದೆ ಉಳಿದ ಉದ್ದನೆಯ ಎಳೆಯನ್ನು ಒಳಗಿನ ಮತ್ತೊಂದು ಪ್ರೋಟೀನು ಶಕ್ತಿ ವ್ಯಯಿಸಿ ಎಳೆದುಕೊಳ್ಳುತ್ತದೆ. ಎಳೆ ಒಳಸೇರಿದೊಡನೆ ಅಲ್ಲಿ ಕಾದಿರುವ ಕಿಣ್ವವೊಂದು ತಲೆತುಂಡನ್ನು ಕತ್ತರಿಸಿ ಹಾಕುತ್ತದೆ.