ಘಂಟಸಾಲರ ಗೀತೆ ಸಾವಿನ ಮನೆಗಷ್ಟೇ ಅಲ್ಲ

ಹಿಂದೂಪುರ, ಕಲ್ಯಾಣದುರ್ಗ ಕಡೆಯ ಹಳ್ಳಿಗಳಲ್ಲಿ ಮೈಕಿನಿಂದ ಘಂಟಸಾಲರ ಭಗವದ್ಗೀತೆ ಕೇಳಿಬಂದರೆ ಸಾಕು, ಯಾರು ತೀರಿಕೊಂಡರು ಎಂದು ಜನ ವಿಚಾರಿಸುತ್ತಾರೆ. ಮನೆಮಾತು ಕನ್ನಡವಾಗಲಿ, ತೆಲುಗಾಗಲಿ, ಸಾವಾದ ಮನೆಯ ಮುಂದೆ ಅದೇ ದನಿ. ಬೇರೆ ದಿನ ಯಾರಾದರೂ ಹಾಕಿದರೆ ಅಪಶಕುನವೆಂದು ಹಿರಿಯರು ಬೈದು ನಿಲ್ಲಿಸುವುದೂ ಉಂಟು. ಆ ದನಿಯ ಹಿಂದಿನ ಬದುಕನ್ನು ಬಲ್ಲವರಿಗೆ ಇದು ಸರಿ ಎನಿಸದು.

ಘಂಟಸಾಲ ವೆಂಕಟೇಶ್ವರ ರಾವ್ ಹುಟ್ಟಿದ್ದು 1922ರ ಡಿಸೆಂಬರ್ 4ರಂದು, ಗುಡಿವಾಡ ಬಳಿಯ ಚೌಟಪಲ್ಲಿಯಲ್ಲಿ. ತಂದೆ ಸೂರ್ಯನಾರಾಯಣ ತರಂಗಗಳನ್ನು ಹಾಡುತ್ತಿದ್ದವರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಸಂಗೀತ ಕಲಿಯಲೆಂದು ವಿಜಯನಗರಂ ಸೇರಿದ. ಅದು ಹಂಪಿಯ ವಿಜಯನಗರವಲ್ಲ, ಉತ್ತರಾಂಧ್ರದ್ದು. ಅಲ್ಲಿ ಮನೆಮನೆಗೆ ಹೋಗಿ ಅನ್ನ ಬೇಡಿ ಹೊಟ್ಟೆ ಹೊರೆದ. ಪಟ್ರಾಯಣಿ ಸೀತಾರಾಮ ಶಾಸ್ತ್ರಿಗಳು ಪಾಠ ಹೇಳಿ ವಿದ್ವಾಂಸನನ್ನಾಗಿ ಮಾಡಿದರು.

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬಂಧನಕ್ಕೊಳಗಾದ ಅವರು ಸೆರೆವಾಸ ಅನುಭವಿಸಿದ್ದು ಬಳ್ಳಾರಿಯ ಅಲ್ಲೀಪುರ ಜೈಲಿನಲ್ಲಿ. ಕಲ್ಯಾಣದುರ್ಗದವರಿಗೆ ಬಳ್ಳಾರಿ ದೂರದ ಊರೇನಲ್ಲ. ನಮ್ಮ ನೆಲದ ಜೈಲಿನ ಅನ್ನವನ್ನೂ ಉಂಡ ಗಾಯಕ ಅವರು.

ಬಿಡುಗಡೆಯ ಬಳಿಕ ಸಮುದ್ರಾಲ ರಾಘವಾಚಾರ್ಯರ ನೆರವಿನಿಂದ ಮದ್ರಾಸಿನ ಚಿತ್ರರಂಗ ಪ್ರವೇಶಿಸಿದರು. 1949ರ 'ಮನ ದೇಶಂ' ಚಿತ್ರಕ್ಕೆ ಸಂಗೀತ ನೀಡಿದರು. ಅದೇ ಎನ್.ಟಿ. ರಾಮರಾವ್ ಅವರ ಮೊದಲ ಚಿತ್ರ. ಮುಂದೆ ಎನ್‌ಟಿಆರ್ ತೆರೆಯ ಮೇಲೆ ಹಾಡಿದಾಗಲೆಲ್ಲ ಬಹುಪಾಲು ಕೇಳಿಸಿದ್ದು ಘಂಟಸಾಲರ ಕಂಠ. 1985ರಿಂದ ಸತತ ಮೂರು ಬಾರಿ ಎನ್‌ಟಿಆರ್ ಅವರನ್ನು ವಿಧಾನಸಭೆಗೆ ಕಳಿಸಿದ್ದು ಇದೇ ಹಿಂದೂಪುರ.

ಗಡಿಯ ಜನಕ್ಕೆ ಅವರು ಕೊಟ್ಟ ಇನ್ನೊಂದು ಉಡುಗೊರೆ 1963ರದ್ದು. ಉಡುಪಿ ಕಡೆಯ ಬಿ. ವಿಠಲಾಚಾರ್ಯರು ಆ ವರ್ಷ ಕನ್ನಡದಲ್ಲಿ ರಾಜ್‌ಕುಮಾರ್ ಅವರ 'ವೀರಕೇಸರಿ', ತೆಲುಗಿನಲ್ಲಿ ಎನ್‌ಟಿಆರ್ ಅವರ 'ಬಂದಿಪೋಟು' ತೆಗೆದರು. ಎರಡಕ್ಕೂ ಸಂಗೀತ ಘಂಟಸಾಲರದೇ. ಪಿ. ಸುಶೀಲಾ ಜೊತೆ ಹಾಡಿದ ಯುಗಳ ಗೀತೆಗೆ ಎರಡೂ ಭಾಷೆಯಲ್ಲಿ ಒಂದೇ ಮಟ್ಟು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮಾತಾಡುವವರಿಗೆ ಯಾವುದನ್ನು ಹಾಡಿದರೂ ಅದು ತಮ್ಮದೇ. ಇಂದಿಗೂ ಮೊಬೈಲಿನಲ್ಲಿ ಈ ಎರಡು ಹಾಡುಗಳನ್ನು ಜೋಡಿಯಾಗಿ ಹಂಚಿಕೊಳ್ಳುವ ಅಭಿಮಾನಿಗಳಿದ್ದಾರೆ.

ಸಿನಿಮಾದಾಚೆಗೂ ಅವರು ದುಡಿದರು. ಕರುಣಶ್ರೀ ಕವಿಯ 'ಪುಷ್ಪವಿಲಾಪಂ' ಪದ್ಯಗಳ ಗ್ರಾಮಫೋನ್ ರೆಕಾರ್ಡು ಮನೆಮಾತಾಯಿತು. 1970ರಲ್ಲಿ ಪದ್ಮಶ್ರೀ ಬಂತು. ಆ ಹೊತ್ತಿಗೆ ಆರೋಗ್ಯ ಕೈಕೊಟ್ಟಿತ್ತು. ಆದರೂ ಎಚ್‌ಎಂವಿ ಕಂಪನಿಗಾಗಿ ಗೀತೆಯ ಆಯ್ದ ಶ್ಲೋಕಗಳನ್ನು ತೆಲುಗು ತಾತ್ಪರ್ಯದೊಂದಿಗೆ ಹಾಡಿ ಮುಗಿಸಿದರು. 1974ರ ಫೆಬ್ರವರಿ 11ರಂದು ಮದ್ರಾಸಿನಲ್ಲಿ ಕೊನೆಯುಸಿರೆಳೆದಾಗ ಅವರಿಗೆ 51 ವರ್ಷ. ರೆಕಾರ್ಡು ಜನರ ಕೈಸೇರಿದ್ದು ಅವರು ಹೋದ ಮೇಲೆ. 2003ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ಹಾಡಿದವರೇ ಇಲ್ಲವಾದ ಮೇಲೆ ಬಂದ ರೆಕಾರ್ಡು ಊರಿನ ಸಾವುಗಳಿಗೆ ಜೊತೆಯಾಯಿತು. ದುಃಖದ ಮನೆಗೆ ಅದು ಸಮಾಧಾನ ಕೊಡುವುದು ನಿಜ. ಆದರೆ ಗೀತೆ ಹೇಳಿದ್ದು ಸತ್ತವನಿಗಲ್ಲ. ಕೈಚೆಲ್ಲಿ ಕುಳಿತ ಅರ್ಜುನನನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಲು ಹೇಳಿದ ಮಾತು ಅದು. ಮಳೆ ಕೈಕೊಟ್ಟು ಹೊಲದ ಬದುವಿನಲ್ಲಿ ತಲೆಮೇಲೆ ಕೈಹೊತ್ತು ಕುಳಿತ ನಮ್ಮ ಸೀಮೆಯ ಶೇಂಗಾ ಬೆಳೆಗಾರನಿಗೆ ಅದರ ಅಗತ್ಯ ಹೆಚ್ಚು. ಅನ್ನ ಬೇಡಿ ಕಲಿತು, ಜೈಲು ಕಂಡು, ಕಾಯಿಲೆಯಲ್ಲೂ ಹಾಡಿ ಮುಗಿಸಿದವರ ದನಿಯಲ್ಲಿ ಆ ಮಾತಿಗೆ ತೂಕವಿದೆ.

ಗೀತಾ ಜಯಂತಿ ಬರುವುದು ಮಾರ್ಗಶಿರದಲ್ಲಿ, ಘಂಟಸಾಲರ ಹುಟ್ಟಿದ ದಿನದ ಆಸುಪಾಸಿನಲ್ಲೇ. ಆ ಒಂದು ದಿನವಾದರೂ ಊರಿನ ಗುಡಿಯ ಮೈಕಿನಲ್ಲಿ ಅದು ಮೊಳಗಲಿ. ಯಾರು ಹೋದರು ಎಂದು ಕೇಳಿದವರಿಗೆ, ಯಾರೂ ಹೋಗಿಲ್ಲ, ಕೂತು ಕೇಳಿ ಎಂದು ಹೇಳಿದರಾಯಿತು.