ಚಳಿಜ್ವರದ ಕಾರಣವನ್ನು ಕಂಡುಹಿಡಿದ ಡಾಕ್ಟರ್ ರಾಸರ ಚರಿತ್ರೆ

ಚಳಿಜ್ವರದ ಹೆಸರನ್ನು ಕೇಳದವರು ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಗಳಲ್ಲಿ ಇರಲಾರರು. ನಮ್ಮ ಹಿರಿಯರಲ್ಲಿ ಅನೇಕರು ಅದನ್ನು ದೇವತೆಯ ಕೋಪವೆಂದು ತಿಳಿದು ತಾಯಿತ ಕಟ್ಟಿಸುತ್ತಿದ್ದರು. ಯೂರೋಪಿನ ಪಂಡಿತರಾದರೋ ಅದು ಜವುಗುನೆಲದ ಕೆಟ್ಟ ಗಾಳಿಯಿಂದ ಹುಟ್ಟುವದೆಂದು ನಂಬಿದ್ದರು; ಮಲೇರಿಯಾ ಎಂಬ ಇತಾಲ್ಯ ಶಬ್ದಕ್ಕೆ ಕೆಟ್ಟ ಗಾಳಿ ಎಂದೇ ಅರ್ಥ. ಆದದರಿಂದ ನಮ್ಮ ಹಿರಿಯರನ್ನು ನೋಡಿ ನಗುವದಕ್ಕೆ ಅವರಿಗೂ ಕಾರಣವಿರಲಿಲ್ಲ. ಈ ಎರಡು ತಪ್ಪುಗಳನ್ನೂ ನೀಗಿಸಿದ ಕೆಲಸವು ಸಿಕಂದರಾಬಾದಿನಲ್ಲಿ ನಡೆಯಿತು. ಆ ಕಾಲದಲ್ಲಿ ಆ ಊರೂ ನಮ್ಮ ಈ ಮೂರು ಸೀಮೆಗಳೂ ನಿಜಾಮರ ರಾಜ್ಯದೊಳಗೆ ಇದ್ದವು.

ರೋನಾಲ್ಡ್ ರಾಸ್ ಎಂಬವರು ೧೮೫೭ನೆಯ ಮೇ ೧೩ರಂದು ಹಿಮಾಲಯದ ಅಲ್ಮೋರಾದಲ್ಲಿ ದಂಡಿನ ಅಧಿಕಾರಿಯೊಬ್ಬರ ಮಗನಾಗಿ ಹುಟ್ಟಿದರು. ಅವರ ಮನಸ್ಸು ಕವಿತೆ ಗಣಿತಗಳ ಕಡೆಗೆ ಇತ್ತು. ತಂದೆಯ ಇಚ್ಛೆಗಾಗಿ ವೈದ್ಯವನ್ನು ಕಲಿತು ೧೮೮೧ರಲ್ಲಿ ಹಿಂದೂದೇಶದ ವೈದ್ಯಸೇವೆಗೆ ಸೇರಿದರು. ೧೮೮೩ರ ಸುಮಾರಿಗೆ ಬೆಂಗಳೂರಿನಲ್ಲಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟವು ಬಹಳವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಅವುಗಳ ಮರಿಹುಳಗಳು ಹೊಯ್ದಾಡುವದನ್ನು ಕಂಡು ಅದನ್ನು ಮಗುಚಿಹಾಕಿಸಿದರು, ಕಾಟವು ಕಡಿಮೆಯಾಯಿತು. ದಂಡಿನ ಬೇರೆ ಪೀಪಾಯಿಗಳಿಗೂ ಹಾಗೆಯೇ ಮಾಡಬೇಕೆಂದರೆ ಅಲ್ಲಿಯ ಅಧಿಕಾರಿಯು ಒಪ್ಪಲಿಲ್ಲ.

ಈಗ ಅವರ ಬರಹಗಳ ವಿಷಯಕ್ಕೆ ಬರುವೆವು. ಚಳಿಜ್ವರದವರ ರಕ್ತದೊಳಗೆ ಸೂಕ್ಷ್ಮ ಜೀವಿಯೊಂದು ಇರುವದೆಂದು ಲವರಾನ್ ಎಂಬ ಫ್ರೆಂಚ್ ವೈದ್ಯನು ೧೮೮೦ರಲ್ಲಿ ಕಂಡಿದ್ದನು. ರಾಸರು ಅದನ್ನು ನಂಬದೆ, ಜ್ವರವು ಕರುಳಿನ ಕೆಡುಕಿನಿಂದ ಬರುವದೆಂದು ವಾದಿಸಿ ವೈದ್ಯಪತ್ರಿಕೆಗಳಲ್ಲಿ ಬರೆದರು. ಅಚ್ಚಾದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವದು ಪಂಡಿತನಿಗೆ ಎಷ್ಟು ಕಷ್ಟವೆಂಬದು ಎಲ್ಲರಿಗೂ ಗೊತ್ತು. ೧೮೯೪ರಲ್ಲಿ ಲಂಡನಿನ ಮ್ಯಾನ್ಸನ್ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ತೋರಿಸಿದಾಗ ರಾಸರು ತಮ್ಮ ವಾದವನ್ನು ಬಿಟ್ಟುಕೊಟ್ಟರು. ಅವರ ದೊಡ್ಡತನವನ್ನು ನಾವು ಇಲ್ಲಿ ಹೆಚ್ಚಾಗಿ ಕಾಣುತ್ತೇವೆ. ಆ ಜೀವಿಯು ಸೊಳ್ಳೆಯ ಮೂಲಕ ಹರಡುವದೆಂದು ಮ್ಯಾನ್ಸನರು ಊಹಿಸಿದ್ದರು. ಊಹೆಯನ್ನು ಪರೀಕ್ಷಿಸುವ ಕೆಲಸವನ್ನು ರಾಸರು ಹೊತ್ತುಕೊಂಡು ೧೮೯೫ರಲ್ಲಿ ಸಿಕಂದರಾಬಾದಿಗೆ ಬಂದರು.

ನಡುವೆ ಬೆಂಗಳೂರಿನ ಕಾಲರಾ ಕೆಲಸಕ್ಕಾಗಿ ಹೋದ ಕಾಲವನ್ನೂ ಸೇರಿಸಿ ಸುಮಾರು ಎರಡು ವರುಷ ಅವರ ಪ್ರಯಾಸವು ವ್ಯರ್ಥವಾಯಿತು. ಯಾಕಂದರೆ ಅವರು ಸೀಳಿ ನೋಡುತ್ತಿದ್ದವು ಬೇರೆ ಜಾತಿಯ ಸೊಳ್ಳೆಗಳು. ಬೆವರು ಸುರಿದು ಸೂಕ್ಷ್ಮದರ್ಶಕದ ಮೊಳೆಗಳು ತುಕ್ಕುಹಿಡಿದವು. ಅದರ ಗಾಜೂ ಒಡೆದಿತ್ತು. ಸೊಳ್ಳೆಗಳು ಹಾರಿಹೋದಾವೆಂದು ಪಂಖಾ ಬೀಸಿಸದೆ ಆ ಸೆಖೆಯಲ್ಲಿಯೇ ಕುಳಿತರು. ೧೮೯೭ರ ಆಗಸ್ಟಿನಲ್ಲಿ ಅವರ ಸೇವಕನೊಬ್ಬನು ಚುಕ್ಕೆಯ ರೆಕ್ಕೆಯುಳ್ಳ ಜಾತಿಯ ಮರಿಹುಳಗಳನ್ನು ತಂದನು. ಹುಸೇನ್ ಖಾನನೆಂಬ ರೋಗಿಯು ಕಡಿತಕ್ಕೆ ಒಂದೊಂದು ಆಣೆಯನ್ನು ಪಡೆದು ಅವುಗಳಿಂದ ಕಡಿಸಿಕೊಂಡನು. ಆಗಸ್ಟ್ ೨೦ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ, ಜ್ವರದ ಜೀವಿಯಲ್ಲಿರುವಂಥದೇ ಕಪ್ಪು ಕಣಗಳುಳ್ಳ ಗುಂಡು ಕೋಶಗಳು ಕಾಣಿಸಿದವು. ರಾಸರು ದೇವರನ್ನು ಸ್ತುತಿಸಿ ಪದ್ಯವನ್ನು ಬರೆದು ಹೆಂಡತಿಗೆ ಕಳುಹಿಸಿದರು. ಹುಸೇನ್ ಖಾನನಿಗೂ ಆ ಸೇವಕನಿಗೂ ಮುಂದಿನ ಕೀರ್ತಿಯಲ್ಲಿ ಪಾಲು ಸಿಕ್ಕಲಿಲ್ಲ. ಇದು ನಮಗೆ ನ್ಯಾಯವೆಂದು ತೋರುವದಿಲ್ಲ.

ಈ ಸಂಗತಿಯು ೧೮೯೭ನೆಯ ದಶಂಬರ ೧೮ರ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಅಚ್ಚಾಯಿತು. ಲೇಖವು ಚಿಕ್ಕದು, ಎರಡೇ ಸೊಳ್ಳೆಗಳ ಸಮಾಚಾರ. ಆದರೆ ರಾಸರು ತಾವು ಕಂಡದ್ದನ್ನು ಬೇರೆ ವೈದ್ಯರಿಗೆ ತೋರಿಸಿ, ಅವರ ಸಾಕ್ಷಿಯನ್ನೂ ಕೂಡಿಸಿದ್ದರು. ಅಷ್ಟರೊಳಗೆ ಸರಕಾರವು ಅವರನ್ನು ರಾಜಪುತಾನಕ್ಕೆ ವರ್ಗಮಾಡಿತ್ತು. ೧೮೯೮ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಜ್ವರವನ್ನು ಪರೀಕ್ಷಿಸಿ, ಜೀವಿಯು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಬಂದು ಕಡಿತದ ಮೂಲಕ ದಾಟುವದೆಂದು ಸ್ಥಾಪಿಸಿದರು. ಮನುಷ್ಯರ ವಿಷಯದಲ್ಲಿ ಅದನ್ನು ಇತಾಲ್ಯದ ಗ್ರಾಸಿ ಮೊದಲಾದವರು ಪೂರ್ಣಮಾಡಿದರು. ೧೯೦೨ರ ನೊಬೆಲ್ ಪಾರಿತೋಷಕವು ರಾಸರಿಗೆ ಬಂದರೂ ಗ್ರಾಸಿಯವರೊಂದಿಗಿನ ಜಗಳವು ತೀರಲಿಲ್ಲ. ಅದರ ಕುರಿತು ರಾಸರು ಕಹಿಯಾದ ಮಾತುಗಳನ್ನು ಬಹಳ ಬರೆದರು. ಅವುಗಳನ್ನು ಬರೆಯದಿದ್ದರೆ ಒಳ್ಳೇದಾಗಿತ್ತು.

೧೯೧೦ರಲ್ಲಿ ಮಲೇರಿಯಾದ ತಡೆಯ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಸೊಳ್ಳೆಗಳನ್ನೆಲ್ಲಾ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕಡಿಮೆಮಾಡಿದರೆ ಜ್ವರವು ತಾನೇ ಅಡಗುವದೆಂದು ಗಣಿತದಿಂದ ತೋರಿಸಿದರು. ಒಬ್ಬ ರೋಗಿಯಿಂದ ಎಷ್ಟು ಮಂದಿಗೆ ರೋಗವು ತಗಲುವದೆಂದು ೨೦೨೦ರ ಕೊರೊನಾ ಕಾಲದಲ್ಲಿ ನಾವು ಕೇಳಿದ ಲೆಕ್ಕದ ಬೇರುಗಳಲ್ಲಿ ಇದೂ ಒಂದು. ಅವರ ಸಂಗಡ ಸಿಯೆರಾ ಲಿಯೋನಿಗೆ ಹೋಗಿದ್ದ ಮೆಕೆಂಡ್ರಿಕರು ೧೯೨೭ರಲ್ಲಿ ಅದನ್ನು ಎಲ್ಲಾ ಅಂಟುರೋಗಗಳಿಗೂ ವಿಸ್ತರಿಸಿದರು. ನಾರಾಯಣಪುರದ ಕಾಲುವೆ ಬಂದ ಮೇಲೆ ಸುರಪುರ ಶಹಾಪುರಗಳ ಹೊಲಗಳಲ್ಲಿ ಭತ್ತದ ನೀರು ನಿಲ್ಲುತ್ತದೆ. ಕಾಲುವೆಯ ಬದಿಯ ಗುಂಡಿಗಳನ್ನು ಮುಚ್ಚುವವನು ರಾಸರ ಆ ಲೆಕ್ಕವನ್ನೇ ಮಾಡುತ್ತಾನೆ, ಗಣಿತವನ್ನು ಅರಿಯದಿದ್ದರೂ ಸರಿಯೇ.

ಕಡೆಯ ವರುಷಗಳಲ್ಲಿ ರಾಸರು ಕವಿತೆಗಳನ್ನೂ ಆತ್ಮಚರಿತ್ರೆಯನ್ನೂ ಪ್ರಕಟಿಸಿದರು. ಹೆಂಡತಿಯು ತೀರಿಕೊಂಡ ಮರುವರುಷ, ೧೯೩೨ನೆಯ ಸಪ್ತಂಬರ ೧೬ರಂದು, ಲಂಡನಿನಲ್ಲಿ ತೀರಿಕೊಂಡರು.